‘ಮೇಲಕ್ಕೇರು’ ಅಂದದ್ದು ಯಾರಿಗೆ?

ಯುದ್ಧಕಾಲದ ಪೈಲಟ್ ಅಂದರೆ ಎಲ್ಲರಿಗೂ ಗಂಡಸರ ಮುಖವೇ ಕಣ್ಣ ಮುಂದೆ ಬರುತ್ತದೆ. ನನಗೆ ಮಾತ್ರ ಹೇಜಲ್ ಯಿಂಗ್ ಲೀ ನೆನಪಾಗುತ್ತಾಳೆ.

ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ 1912ರಲ್ಲಿ ಹುಟ್ಟಿದ ಚೀನೀ ಮನೆತನದ ಹುಡುಗಿ. ಅಂಗಡಿಯೊಂದರಲ್ಲಿ ಲಿಫ್ಟ್ ನಡೆಸುತ್ತಿದ್ದವಳು 20ನೇ ವಯಸ್ಸಿಗೇ ವಿಮಾನ ಹಾರಿಸುವ ಲೈಸೆನ್ಸ್ ಪಡೆದಳು. ಜಪಾನಿನ ವಿರುದ್ಧ ಹಾರುತ್ತೇನೆ ಅಂತ ಚೀನಾಕ್ಕೂ ಹೋದಳು. ಹೆಂಗಸು ಅಂತ ಅಲ್ಲಿನ ವಾಯುಪಡೆ ಸೇರಿಸಿಕೊಳ್ಳಲಿಲ್ಲ.

1943ರಲ್ಲಿ ಅಮೆರಿಕದ ಮಹಿಳಾ ಪೈಲಟ್‌ಗಳ ‘ವಾಸ್ಪ್’ ತಂಡ ಸೇರಿದಳು. ಕಾರ್ಖಾನೆಯ ಹೊಸ ವಿಮಾನಗಳನ್ನು ಬೇಕಾದಲ್ಲಿಗೆ ತಲುಪಿಸುವ ಕೆಲಸ. ಒಮ್ಮೆ ಕಾನ್ಸಾಸ್‌ನ ಹೊಲದಲ್ಲಿ ತುರ್ತಾಗಿ ಇಳಿದಾಗ, ಜಪಾನಿನವರೇ ಬಂದರು ಅಂತ ರೈತನೊಬ್ಬ ಹುಲ್ಲು ಎತ್ತುವ ಕವೆಗೋಲು ಹಿಡಿದು ಅಟ್ಟಿಸಿಕೊಂಡು ಬಂದನಂತೆ! ಲಿಪ್‌ಸ್ಟಿಕ್‌ನಲ್ಲಿ ವಿಮಾನದ ಮೇಲೆ ಚೀನೀ ಅಕ್ಷರ ಗೀಚುವ ತುಂಟಿ ಬೇರೆ.

1944ರ ನವೆಂಬರ್. ನಯಾಗರಾದ ಬೆಲ್ ಕಾರ್ಖಾನೆಯಿಂದ ಪಿ-63 ಕಿಂಗ್‌ಕೋಬ್ರಾ ಯುದ್ಧವಿಮಾನವನ್ನು ಮೊಂಟಾನಾದ ಗ್ರೇಟ್ ಫಾಲ್ಸ್‌ಗೆ ತರಬೇಕಿತ್ತು. ಅಲ್ಲಿಂದ ಅದು ಅಲಾಸ್ಕಾ ದಾರಿಯಾಗಿ ರಷ್ಯಾಕ್ಕೆ. ಹವೆ ಕೆಟ್ಟು ದಾರಿಯಲ್ಲಿ ತಡವಾಯಿತು. 23ರಂದು, ಅವರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ, ಒಂದರ ಹಿಂದೆ ಒಂದು ವಿಮಾನ ಇಳಿಯುತ್ತಿದ್ದವು. ಹೇಜಲ್ ರನ್‌ವೇಗೆ ಇಳಿಯುತ್ತಿದ್ದಾಗ ಅವಳ ತಲೆಯ ಮೇಲೆಯೇ ಇನ್ನೊಂದು ಕಿಂಗ್‌ಕೋಬ್ರಾ ಇಳಿಯುತ್ತಿತ್ತು. ಅದರ ರೇಡಿಯೋ ಕೆಟ್ಟಿತ್ತು. ಟವರ್‌ನವರು ಗಾಬರಿಯಿಂದ ‘ಮೇಲಕ್ಕೇರು’ ಅಂತ ಕೂಗಿದರು. ಕೇಳಬೇಕಾದವನಿಗೆ ಕೇಳಿಸಲಿಲ್ಲ. ಕೇಳಿಸಿದವಳು ಹೇಳಿದಂತೆ ಮಾಡಿದಳು. ಮೇಲೆದ್ದ ವಿಮಾನ ಇನ್ನೊಂದಕ್ಕೆ ಬಡಿದು ಎರಡೂ ಉರಿದವು. ಆತ ಬದುಕಿಕೊಂಡ. ಸುಟ್ಟ ಗಾಯಗಳಿಂದ ಹೇಜಲ್ 25ರಂದು ತೀರಿಕೊಂಡಳು. ವಯಸ್ಸು 32.

ಯಾರ ತಪ್ಪು ಅಂತ ಕೇಳಿದರೆ ಏನು ಹೇಳೋದು? ಅವಳದ್ದಂತೂ ಅಲ್ಲ. ನನಗೆ ಸಿಟ್ಟು ಬರೋದು ಆಮೇಲಿನದ್ದಕ್ಕೆ. ಸೇನೆಯ ವಿಮಾನ, ಸೇನೆಯ ಅಪ್ಪಣೆ, ಆದರೆ ಈ ಹೆಂಗಸರು ಲೆಕ್ಕದಲ್ಲಿ ಸಿವಿಲಿಯನ್ನರು! ಕೆಲಸದಲ್ಲಿ ಸತ್ತ 38 ಮಂದಿಯಲ್ಲಿ ಒಬ್ಬರಿಗೂ ಸೈನಿಕ ಗೌರವವಿಲ್ಲ, ಅಂತ್ಯಕ್ರಿಯೆಯ ಖರ್ಚೂ ಸರ್ಕಾರದ್ದಲ್ಲ. ಕಾನೂನು ಬದಲಾಗೋಕೆ 1977 ಬರಬೇಕಾಯಿತು.

ಆ ಮನೆಯವರ ಪಾಡು ನೋಡಿ. ಹೇಜಲ್ ಸುದ್ದಿ ಬಂದ ಮೂರೇ ದಿನಕ್ಕೆ, ಫ್ರಾನ್ಸಿನಲ್ಲಿ ಟ್ಯಾಂಕ್ ಪಡೆಯಲ್ಲಿದ್ದ ತಮ್ಮ ವಿಕ್ಟರ್ ಹೋದ ಅಂತ ಮತ್ತೊಂದು ತಂತಿ. ಇಬ್ಬರಿಗೂ ಜಾಗ ಆರಿಸಿದರೆ, ಅದು ಬಿಳಿಯರ ಭಾಗ, ಏಷ್ಯಾದವರಿಗೆ ಕೊಡೋಲ್ಲ ಅಂದಿತು ಸ್ಮಶಾನ. ಮನೆಯವರು ಬಿಡಲಿಲ್ಲ, ಹಟ ಹಿಡಿದು ಗೆದ್ದರು. ವಿಲಾಮೆಟ್ ನದಿ ಕಾಣುವ ಆ ಇಳಿಜಾರಿನಲ್ಲೇ ಅಕ್ಕ ತಮ್ಮ ಇಬ್ಬರನ್ನೂ ಮಣ್ಣು ಮಾಡಿದರು.