ಆಟಿ ಅಮಾವಾಸ್ಯೆ: ತಂದದ್ದು ಪಾಲೆಯೋ, ಕಾಸರಕವೋ?

ಆಟಿ ಅಮಾವಾಸ್ಯೆ ಹತ್ತಿರ ಬರುತ್ತಿದ್ದ ಹಾಗೆ ತುಳುನಾಡಿನ ಮನೆಗಳಲ್ಲಿ ಪಾಲೆ ಮರದ ಮಾತು ಶುರುವಾಗುತ್ತದೆ. ಕನ್ನಡದಲ್ಲಿ ಇದು ಹಾಲೆ ಮರ, ಸಂಸ್ಕೃತದಲ್ಲಿ ಸಪ್ತಪರ್ಣ. ಬೆಳಗಾಗುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಗುದ್ದಿ ತೊಗಟೆ ತರಬೇಕು. ಒಳ್ಳೆಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ ಅರೆದು, ರಸ ಹಿಂಡಿ, ಕಾಯಿಸಿದ ಬಿಳಿ ಕಲ್ಲು ಹಾಕಿ ಖಾಲಿ ಹೊಟ್ಟೆಗೆ ಕುಡಿಯಬೇಕು. ಉಷ್ಣ ಇಳಿಯಲು ಆಮೇಲೆ ಮೆಂತೆ ಗಂಜಿ.

ಈಗ ಪೇಟೆಯಲ್ಲಿ ಮರ ಎಲ್ಲಿದೆ? ಸಂಘದವರು ಲೋಟದಲ್ಲಿ ಹಂಚುತ್ತಾರೆ, ಕೆಲವು ಕಡೆ ತೊಗಟೆಯೇ ಮಾರಾಟಕ್ಕೆ ಬರುತ್ತದೆ. ಕುಡಿಯುವವನಿಗೆ ಅದು ಯಾವ ಮರದ್ದು ಅಂತ ಗೊತ್ತಿರುವುದಿಲ್ಲ. ತಂದವನು ಸರಿಯಾಗಿ ನೋಡಿರಬಹುದು ಅನ್ನುವ ನಂಬಿಕೆ ಅಷ್ಟೆ.

ಭಯ ಇರುವುದು ಅಲ್ಲೇ. ಪಾಲೆ ಬದಲು ಕಾಸರಕದ ತೊಗಟೆ ತಂದು ಅವಾಂತರವಾದ ಸುದ್ದಿ ಕರಾವಳಿಗೆ ಹೊಸತಲ್ಲ. ಕಾಸರಕದಲ್ಲಿ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ವಿಷಗಳಿವೆ, ಬೀಜದಲ್ಲಿ ಮಾತ್ರ ಅಲ್ಲ, ತೊಗಟೆಯಲ್ಲೂ. ಎರಡೂ ಕಹಿ, ಹಾಗಾಗಿ ರುಚಿ ನೋಡಿ ಗುರುತು ಹಿಡಿಯುವ ಸಾಹಸ ಬೇಡವೇ ಬೇಡ. ಪಾಲೆಯಲ್ಲಿ ಒಂದೇ ಗೆಣ್ಣಿನ ಸುತ್ತ ಐದಾರು, ಏಳು ಎಲೆ ಛತ್ರಿಯ ಹಾಗೆ ಹರಡಿರುತ್ತವೆ, ಗಾಯವಾದರೆ ಬಿಳಿ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರು ಬದುರು ಜೋಡಿ, ಬುಡದಿಂದಲೇ ಎದ್ದು ಕಾಣುವ ಮೂರು ಅಥವಾ ಐದು ನರ, ಹಾಲು ಇಲ್ಲ, ಕಿತ್ತಳೆಯಂತಹ ದುಂಡು ಹಣ್ಣು. ಇದೆಲ್ಲ ಹಗಲಲ್ಲಿ ಸುಲಭ. ಆಟಿಯ ಮಳೆಯಲ್ಲಿ, ಕತ್ತಲಲ್ಲಿ ಕೈಗೆ ಸಿಗುವುದು ಬರೀ ಬುಡ. ಹಿಂದಿನ ದಿನವೇ ಹಗಲು ಹೋಗಿ ಮರ ಗುರುತು ಮಾಡಿ ಬಂದರೆ ಪದ್ಧತಿಯೂ ಕೆಡುವುದಿಲ್ಲ, ಜೀವವೂ ಉಳಿಯುತ್ತದೆ.

ಇದೇ ಪಾಲೆ ಹೋಮಿಯೋಪಥಿಯಲ್ಲೂ ಉಂಟು. ‘ಆಲ್‌ಸ್ಟೋನಿಯಾ ಸ್ಕೊಲಾರಿಸ್’ ಎಂಬ ಹೆಸರಿನ ಔಷಧ ತೊಗಟೆಯಿಂದಲೇ ತಯಾರಾಗುತ್ತದೆ. ಮಲೇರಿಯಾ ಜ್ವರ, ಭೇದಿ, ಜ್ವರ ಬಿಟ್ಟ ಮೇಲಿನ ನಿಶ್ಶಕ್ತಿಗೆ ಕೊಡುವುದು ರೂಢಿ. ನಮ್ಮ ಹಿರಿಯರು ಹೇಳುತ್ತಿದ್ದುದೂ ಹೆಚ್ಚುಕಡಿಮೆ ಇದನ್ನೇ. ಆದರೆ ಮದರ್ ಟಿಂಕ್ಚರ್‌ನಲ್ಲಿ ತೊಗಟೆಯ ಸಾರ ನಿಜಕ್ಕೂ ಇರುತ್ತದೆ, 30 ಪೊಟೆನ್ಸಿಯ ಸಕ್ಕರೆ ಗುಳಿಗೆಯಲ್ಲಿ ಮೂಲ ವಸ್ತುವಿನ ಒಂದು ಅಣುವೂ ಉಳಿಯುವ ಸಾಧ್ಯತೆ ಇಲ್ಲ. ಎರಡನ್ನೂ ಒಂದೇ ಔಷಧ ಎಂದು ತಿಳಿಯುವುದು ತಪ್ಪು. ಬ್ರಿಟಿಷರ ಕಾಲದಲ್ಲಿ ಈ ತೊಗಟೆಯನ್ನು ಕ್ವಿನೈನ್ ಬದಲಿಗೆ ಬಳಸಿ ನೋಡಿದ್ದೂ ಇದೆ, ಆದರೆ ಅದಕ್ಕೆ ಸಾಟಿ ಎಂದು ಸಾಬೀತಾಗಲಿಲ್ಲ. ಮಂಗಳೂರು ಕಡೆ ಮಲೇರಿಯಾ ಹಳೇ ನೆಂಟ. ಜ್ವರ ಬಂದರೆ ಕಷಾಯವಾಗಲಿ ಗುಳಿಗೆಯಾಗಲಿ ರಕ್ತಪರೀಕ್ಷೆಗೆ ಬದಲಿ ಅಲ್ಲ.

ಅಂಗಡಿಯವರು ಗಮನಿಸಬೇಕಾದ್ದೂ ಇದೆ. ಹೋಮಿಯೋಪಥಿ ಔಷಧ ಚಿಲ್ಲರೆ ಮಾರಲು ನಮೂನೆ 20-ಸಿ ಪರವಾನಗಿ ಬೇಕು. ಶೇ. 12ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಟಿಂಕ್ಚರ್ ಅನ್ನು ಗಿರಾಕಿಗೆ 30 ಮಿಲಿಗಿಂತ ದೊಡ್ಡ ಬಾಟಲಿಯಲ್ಲಿ ಮಾರುವಂತಿಲ್ಲ. ಇನ್ನು ಕಷಾಯವನ್ನು ಬಾಟಲಿಗೆ ತುಂಬಿ, ಇಂತಿಂಥ ಕಾಯಿಲೆಗೆ ಮದ್ದು ಅಂತ ಚೀಟಿ ಅಂಟಿಸಿದರೆ ಅದು ಔಷಧವೇ ಆಗುತ್ತದೆ, ತಯಾರಿಸಲು ಪರವಾನಗಿ ಕೇಳುತ್ತಾರೆ.

ಕುಡಿದು ಹದಿನೈದು ನಿಮಿಷದಿಂದ ಅರ್ಧ ಗಂಟೆಯೊಳಗೆ ಕುತ್ತಿಗೆ, ದವಡೆ ಬಿಗಿಯುವುದು, ಮೈ ಸೆಟೆದು ಬಿಲ್ಲಿನಂತೆ ಬಾಗುವುದು, ಪ್ರಜ್ಞೆ ಇದ್ದೂ ಎಳೆತ ಬರುವುದು ಕಂಡರೆ ಕಾಸರಕದ ವಿಷ ಎಂದೇ ತಿಳಿಯಬೇಕು. ವಾಂತಿ ಮಾಡಿಸುತ್ತಾ, ಮಜ್ಜಿಗೆ ಕುಡಿಸುತ್ತಾ ಹೊತ್ತು ಕಳೆಯಬೇಡಿ. ಸದ್ದುಗದ್ದಲ, ಮುಟ್ಟುವುದು ಕೂಡ ಎಳೆತ ಹೆಚ್ಚಿಸುತ್ತದೆ. 108ಕ್ಕೆ ಕರೆ ಮಾಡಿ, ಉಳಿದ ತೊಗಟೆಯ ತುಂಡನ್ನೂ ಆಸ್ಪತ್ರೆಗೆ ಒಯ್ಯಿರಿ.