ತಿರುಗುವ ಪರಿ ತಿಳಿಯದ ದೋಣಿಗಳು: ಕಡಲ ಸುರಕ್ಷತೆಯ ಮರೆತ ಪ್ರಶ್ನೆ

2021ರ ಏಪ್ರಿಲ್‌ನಲ್ಲಿ ಮಂಗಳೂರಿನ ಪಶ್ಚಿಮಕ್ಕೆ ಆಳಸಮುದ್ರದಲ್ಲಿ, ಕೇರಳದ ಬೇಪೂರಿನಿಂದ ಹೊರಟಿದ್ದ 'ರಬಾಹ್' ಎಂಬ ಮೀನುಗಾರಿಕಾ ದೋಣಿಗೂ ಸಿಂಗಪುರ ಧ್ವಜದ ಸರಕು ಹಡಗಿಗೂ ಡಿಕ್ಕಿ ಸಂಭವಿಸಿತು. ದೋಣಿಯಲ್ಲಿದ್ದ 14 ಮಂದಿಯ ಪೈಕಿ ಬದುಕಿ ಬಂದವರು ಇಬ್ಬರೇ. 2017ರ ಜೂನ್‌ನಲ್ಲಿ ಕೊಚ್ಚಿಯ ಸಮೀಪ, 2018ರ ಆಗಸ್ಟ್‌ನಲ್ಲಿ ಮುನಂಬಮ್ ಬಳಿಯ ಕಡಲಿನಲ್ಲಿಯೂ ಇಂಥದೇ ದುರಂತಗಳು ಘಟಿಸಿದ್ದವು. ಪ್ರತಿ ಬಾರಿಯೂ ತಪ್ಪು ಯಾರದೆಂಬ ಚರ್ಚೆ ನಡೆಯುತ್ತದೆ. ಆದರೆ ಎದುರಾದ ಅಪಾಯದಿಂದ ದೋಣಿಯು ಎಷ್ಟು ಬೇಗ, ಎಷ್ಟು ಜಾಗದಲ್ಲಿ ತಿರುಗಿಕೊಳ್ಳಬಲ್ಲದು ಎಂಬ ಮೂಲ ಪ್ರಶ್ನೆಯನ್ನು ಕೇಳುವವರು ವಿರಳ.

ದೊಡ್ಡ ಹಡಗುಗಳ ವಿಷಯದಲ್ಲಿ ಇದಕ್ಕೆ ಉತ್ತರವಿದೆ. ಅಂತಾರಾಷ್ಟ್ರೀಯ ಕಡಲ ಸಂಸ್ಥೆಯು 2002ರಲ್ಲಿ ಅಂಗೀಕರಿಸಿದ ಮಾನದಂಡಗಳ ಪ್ರಕಾರ, ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿದಾಗ ಹಡಗು ಸುತ್ತುವ ವೃತ್ತದ ವ್ಯಾಸವು ಅದರ ಉದ್ದದ ಐದು ಪಟ್ಟನ್ನು ಮೀರಕೂಡದು. ಪೂರ್ಣ ವೇಗದಿಂದ ನಿಲ್ಲಲು ಹಿಡಿಯುವ ದೂರವು ಸಾಮಾನ್ಯವಾಗಿ ಉದ್ದದ 15 ಪಟ್ಟಿನೊಳಗಿರಬೇಕು. ಅಂದರೆ 300 ಮೀಟರ್ ಉದ್ದದ ಹಡಗು ನಿಲ್ಲುವ ಮುನ್ನ ನಾಲ್ಕೂವರೆ ಕಿಲೋಮೀಟರ್ ಸಾಗಿಬಿಡಬಹುದು. ಈ ಮಾನದಂಡಗಳು ಮುಖ್ಯವಾಗಿ 100 ಮೀಟರ್ ಹಾಗೂ ಅದಕ್ಕೂ ಉದ್ದದ ಹಡಗುಗಳಿಗೆ ಅನ್ವಯ. ಮಲ್ಪೆ, ಮಂಗಳೂರಿನ ಟ್ರಾಲ್ ಬೋಟುಗಳಲ್ಲಿ ಹೆಚ್ಚಿನವು 24 ಮೀಟರನ್ನೂ ಮುಟ್ಟುವುದಿಲ್ಲ.

ಚಿಕ್ಕ ದೋಣಿ ಸುಲಭವಾಗಿ ತಿರುಗುತ್ತದೆ ಎಂಬ ನಂಬಿಕೆ ಅರ್ಧಸತ್ಯ ಮಾತ್ರ. ಬಲೆ ಎಳೆಯುವಾಗ ದೋಣಿಯ ವೇಗ ಗಂಟೆಗೆ ಮೂರು ನಾಟಿಕಲ್ ಮೈಲಿನ ಆಸುಪಾಸಿಗೆ ಇಳಿಯುತ್ತದೆ. ಬಲೆಯ ಹಗ್ಗಗಳು ಹಿಂಭಾಗವನ್ನು ಬಿಗಿಯಾಗಿ ಹಿಡಿದಿರುವುದರಿಂದ ಚುಕ್ಕಾಣಿಯ ಮಾತು ನಡೆಯುವುದು ಕಷ್ಟ. ಈ ಕಾರಣಕ್ಕಾಗಿಯೇ ತೆರೆದ ಕಡಲಿನಲ್ಲಿ ಬಲೆ ಎಳೆಯುತ್ತಿರುವ ದೋಣಿಗೆ ಯಂತ್ರಚಾಲಿತ ಹಡಗು ದಾರಿ ಬಿಡಬೇಕೆಂದು 1972ರ ಅಂತಾರಾಷ್ಟ್ರೀಯ ನಿಯಮಾವಳಿ ವಿಧಿಸಿದೆ. ಬಲೆ ಮೇಲೆತ್ತಿ ಹಿಂತಿರುಗುವಾಗ ಈ ರಕ್ಷಣೆ ಇಲ್ಲ. ಡೀಸೆಲ್ ಮತ್ತು ಮಂಜುಗಡ್ಡೆ ತುಂಬಿ ಹೊರಟ ದೋಣಿಯೂ ಮೀನು ಹೇರಿಕೊಂಡು ಮರಳುವ ದೋಣಿಯೂ ಒಂದೇ ರೀತಿ ತಿರುಗುವುದಿಲ್ಲ. ಮೇಲ್ಭಾಗದಲ್ಲಿ ಭಾರವಿದ್ದಾಗ ಹಠಾತ್ತನೆ ತಿರುಗಿಸಿದರೆ ಮಗುಚುವ ಭೀತಿಯೂ ಇದೆ.

ಇದನ್ನು ಮುಂಚಿತವಾಗಿ ಲೆಕ್ಕ ಹಾಕುವುದು ಸಾಧ್ಯವೇ? ಸಾಧ್ಯ, ಆದರೆ ಸುಲಭವಲ್ಲ. ಜಪಾನಿನಲ್ಲಿ 1970ರ ದಶಕದಲ್ಲಿ ರೂಪುಗೊಂಡ ಗಣಿತೀಯ ಮಾದರಿಯು ಹಡಗಿನ ಒಡಲು, ಪ್ರೊಪೆಲ್ಲರ್ ಮತ್ತು ಚುಕ್ಕಾಣಿಯ ಮೇಲಿನ ಬಲಗಳನ್ನು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಕೂಡಿಸುತ್ತದೆ. ಈ ಲೆಕ್ಕಕ್ಕೆ ಬೇಕಾದ ಸೂತ್ರಗಳು ಹೆಚ್ಚಾಗಿ ಸರಕು ಹಡಗುಗಳ ಪರೀಕ್ಷೆಯಿಂದ ಬಂದವು. ಸರಕು ಹಡಗಿನ ಉದ್ದವು ಅಗಲದ ಸುಮಾರು ಆರೇಳು ಪಟ್ಟಿದ್ದರೆ, ಮೀನುಗಾರಿಕಾ ದೋಣಿಯದು ಮೂರು ನಾಲ್ಕು ಪಟ್ಟು. ಗಿಡ್ಡ, ಅಗಲ ಒಡಲಿಗೆ ಆ ಸೂತ್ರಗಳನ್ನು ಯಥಾವತ್ತಾಗಿ ಹೊಂದಿಸಿದರೆ ಉತ್ತರ ತಪ್ಪುತ್ತದೆ. ಜಪಾನಿನ ಸಂಶೋಧಕರು ಇದನ್ನು ಮನಗಂಡು ಮೀನುಗಾರಿಕಾ ಹಡಗುಗಳ ಪರೀಕ್ಷಾ ಮಾಹಿತಿಯನ್ನು ಪ್ರತ್ಯೇಕವಾಗಿ ಕಲೆಹಾಕಿದ್ದಾರೆ.

ಭಾರತದಲ್ಲಿ 2024ರ ಆಗಸ್ಟ್‌ನಲ್ಲಿ ಒಂದು ಲಕ್ಷ ಮೀನುಗಾರಿಕಾ ದೋಣಿಗಳಿಗೆ ಟ್ರಾನ್ಸ್‌ಪಾಂಡರ್ ಅಳವಡಿಸುವ ಯೋಜನೆಗೆ ಪ್ರಧಾನಿ ಚಾಲನೆ ನೀಡಿದರು. ಇದು ಸ್ವಾಗತಾರ್ಹ. ಆದರೆ ಈ ಉಪಕರಣ ಹೇಳುವುದು ದೋಣಿ ಎಲ್ಲಿದೆ ಎಂಬುದನ್ನು. ಅದು ಹೇಗೆ ತಿರುಗೀತು ಎಂಬುದನ್ನಲ್ಲ. ಹಡಗಿನ ರಾಡಾರ್ ಕೂಡ ಎರಡೂ ನೌಕೆಗಳು ಅದೇ ದಿಕ್ಕು, ಅದೇ ವೇಗದಲ್ಲಿ ಸಾಗುವುವೆಂದು ಭಾವಿಸಿಯೇ ಡಿಕ್ಕಿಯ ಸಾಧ್ಯತೆಯನ್ನು ಅಳೆಯುತ್ತದೆ.

ಪರಿಹಾರ ದುಬಾರಿಯೇನಲ್ಲ. ಹೊಸ ದೋಣಿಯ ನೋಂದಣಿಗೆ ಮುನ್ನ ಶಾಂತ ಕಡಲಿನಲ್ಲಿ ಸುತ್ತು ತಿರುಗುವ, ಎಡಬಲಕ್ಕೆ ಹೊರಳುವ ಮತ್ತು ನಿಲ್ಲುವ ಪರೀಕ್ಷೆಗಳನ್ನು ಖಾಲಿ ಹಾಗೂ ಭಾರ ತುಂಬಿದ ಸ್ಥಿತಿಗಳಲ್ಲಿ ನಡೆಸಬಹುದು; ಅಳತೆಗೆ ಸಾಮಾನ್ಯ ಜಿಪಿಎಸ್ ಸಾಕು. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯಂಥ ಸಂಸ್ಥೆಗಳು ಈ ಮಾಹಿತಿಯಿಂದ ನಮ್ಮ ದೋಣಿಗಳಿಗೇ ಒಪ್ಪುವ ಸೂತ್ರಗಳನ್ನು ರೂಪಿಸಬಹುದು. ತನ್ನ ದೋಣಿ ಹೇಗೆ ತಿರುಗುತ್ತದೆಂದು ಅನುಭವಿ ತಾಂಡೇಲನಿಗೆ ಗೊತ್ತಿರುತ್ತದೆ. ಆದರೆ ಆ ಅರಿವು ಅವನೊಂದಿಗೇ ಉಳಿಯುತ್ತದೆ. ಮಧ್ಯರಾತ್ರಿ ಚುಕ್ಕಾಣಿ ಹಿಡಿದ ಹೊಸಬನಿಗೆ ಅದು ದಕ್ಕುವುದಿಲ್ಲ. ಅದನ್ನು ಅಂಕಿಗಳಾಗಿಸಿ ಪ್ರತಿ ದೋಣಿಯ ಚುಕ್ಕಾಣಿಯ ಬಳಿ ಬರೆದಿಡುವುದು ಸರ್ಕಾರ ಮಾಡಬಹುದಾದ ಕನಿಷ್ಠ ಕೆಲಸ.