ಅಕ್ಷರ ಅಕ್ಕನದು, ಹೆಸರು ನಮ್ಮದು

ಹಳೆಯ ಕೈಬರಹ ಪತ್ರಿಕೆಗಳನ್ನು ನೆನೆದು ಕಣ್ಣೊರೆಸಿಕೊಳ್ಳುವ ಗೆಳೆಯರೇ, ಸ್ವಲ್ಪ ನಿಲ್ಲಿ. 1987ರಲ್ಲಿ ‘ಪ್ರೇಮಲೋಕ’ ಬಂದಾಗ ಹಂಸಲೇಖರ ಹಾಡುಗಳ ಹುಚ್ಚು ಹತ್ತಿ, ಮಧುಗಿರಿಯ ನಾವು ಮೂವರು ಹೈಸ್ಕೂಲು ಹುಡುಗರು ಒಂದು ಪತ್ರಿಕೆ ಮಾಡಿದೆವು. ಕಾರ್ಬನ್ ಹಾಳೆಯಿಟ್ಟು ಪ್ರತಿ ತೆಗೆದು ಶಿರಾ, ಕೊರಟಗೆರೆ, ಪಾವಗಡದ ಗೆಳೆಯರಿಗೆ ಬಸ್ಸಿನಲ್ಲಿ ಕಳಿಸುತ್ತಿದ್ದೆವು.

‘ಮಾಡಿದೆವು’ ಅಂದೆನಲ್ಲ, ಅದು ಸುಳ್ಳು. ಕ್ಯಾಸೆಟ್ ನಿಲ್ಲಿಸಿ ನಿಲ್ಲಿಸಿ ಕೇಳಿ ಹಾಡು ಬರೆದುಕೊಂಡವಳು ನನ್ನಕ್ಕ. ಯಾವ ಹಾಡು ಸಪ್ಪೆ, ಯಾಕೆ ಸಪ್ಪೆ ಎಂದು ಜಗಳ ತೆಗೆದು ಬರೆದವಳೂ ಅವಳೇ. ‘ಹುಡುಗಿ ಹೆಸರು ಬೇಡ, ಊರವರು ಆಡಿಕೊಳ್ತಾರೆ’ ಎಂದು ಮುಖಪುಟಕ್ಕೆ ನಮ್ಮ ಮೂವರ ಹೆಸರು ಹಾಕಿಕೊಂಡೆವು.

1976ರಲ್ಲಿ ಲಂಡನ್ನಿನಲ್ಲಿ ಪಂಕ್ ರಾಕ್ ಹುಚ್ಚಿಗೆ ಬಿದ್ದು ‘ಸ್ನಿಫಿನ್ ಗ್ಲೂ’ ಎಂಬ ಪತ್ರಿಕೆಯನ್ನು ತಾನೇ ಟೈಪ್ ಮಾಡಿ ತಂದ ಬ್ಯಾಂಕ್ ಗುಮಾಸ್ತ ಮಾರ್ಕ್ ಪೆರ್ರಿಯ ಹೆಸರು ಸಂಗೀತದ ಚರಿತ್ರೆಯಲ್ಲಿದೆ. ಅಕ್ಕನ ಹೆಸರು ಅವಳೇ ಬರೆದ ಪುಟದಲ್ಲೂ ಇಲ್ಲ.

ಈಗ ಗೆಳೆಯರು ಸೇರಿದಾಗ ‘ಎಂಥಾ ಮುತ್ತು ಪೋಣಿಸಿದಂಥ ಅಕ್ಷರ!’ ಎಂದು ಹಲುಬುತ್ತಾರೆ. ಯಾರದೆಂದು ಒಬ್ಬರೂ ಕೇಳುವುದಿಲ್ಲ. ಇಂಥ ನೆನಪಿಗೆ ನನ್ನ ಧಿಕ್ಕಾರವಿದೆ. ನಿಮ್ಮ ಅಟ್ಟದಲ್ಲೂ ಅಂಥ ಹಾಳೆಗಳಿದ್ದರೆ, ಫೋಟೊ ಹಂಚುವ ಮೊದಲು ಬರೆದವರ ಹೆಸರು ಹಾಕಿ.

ಹೋದ ವಾರ ಅಕ್ಕನನ್ನು ಕೇಳಿದೆ, ‘ನಿನ್ನ ಹೆಸರು ಹಾಕಲಾ?’

‘ಈಗ್ಯಾಕೋ?’ ಅಂದಳು.